ಕೆಂಪು ವಹಿ

ನಮ್ಮಪ್ಪ ಸ್ವಾಮಿದಾಸ, ಮಂಗಲಪೇಟೆಯ ಗಡಿಯಾರ ರಿಪೇರಿಯವನು,
ತನ್ನ ಅಜ್ಜಿಯ ಹೆಸರು ಕೇಳಿದರೆ ತಡವರಿಸುತ್ತಿದ್ದ.
ಪಾರಿವಾಳದ್ದು ಕೇಳಬೇಕು:
ತಾಯಿ, ತಾಯಿಯ ತಾಯಿ, ಅದರ ತಾಯಿ,
ಹದಿನಾಲ್ಕು ತಲೆ ಹಿಂದಕ್ಕೆ,
ಯಾವುದು ಸೋಲಾಪುರದಿಂದ ಎಷ್ಟು ಗಂಟೆಗೆ ಬಂತು,
ಯಾವುದನ್ನು ಗಿಡುಗ ಹೊಡೆಯಿತು,
ತುಟಿಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಹೇಳುತ್ತಿದ್ದ.

ಕೆಂಪು ಬಟ್ಟೆ ಹೊದಿಸಿದ ವಹಿ.
ಮೊದಲ ಎರಡು ಹಾಳೆ ಉರ್ದು, ಗಫೂರ್‌ಸಾಬರ ಕೈ.
ಚೌಬಾರದ ಹಿಂದಿನ ಓಣಿಯ ಉಸ್ತಾದರು;
ಮಕ್ಕಳು ಹಕ್ಕಿ ಒಲ್ಲೆವೆಂದಾಗ
ಒಂದು ಜೋಡಿ, ಒಂದು ವಹಿ
ಅಪ್ಪನ ಸೈಕಲ್ಲಿಗೆ ಕಟ್ಟಿ ಕಳಿಸಿದ್ದರು.
ಮೂರನೇ ಹಾಳೆಯಿಂದ ಅಪ್ಪನ ಕನ್ನಡ.
ಒತ್ತಕ್ಷರ ಎಲ್ಲ ತಪ್ಪು, ತಾರೀಖು ಎಲ್ಲ ಸರಿ.

ಚರ್ಚಿನಲ್ಲಿ ಪಾದ್ರಿ ವಂಶಾವಳಿ ಓದುವ ಭಾನುವಾರ
ಎಲ್ಲರೂ ಆಕಳಿಸಿದರೆ ಅಪ್ಪ ನೆಟ್ಟಗೆ ಕೂತಿರುತ್ತಿದ್ದ.
ಹೊರಗೆ ಬಂದು ಅಂದದ್ದು ಇಷ್ಟೇ:
“ತಾಯಂದಿರ ಹೆಸರು ಭಾಳ ಕಡಿಮಿ ಅವ. ಅರ್ಧ ವಹಿ ಅದು.”

ನನಗೆ ಹತ್ತು ವರ್ಷ.
ಮಾಳಿಗೆಯ ಮೇಲೆ ಆರನೇ ಗೂಡು,
ಕಾವಿಗೆ ಕೂತ ನೀಲಿಪಟ್ಟಿಯ ಕೆಳಗೆ
ಕೈ ತೂರಿಸಿ ಬಿಸಿ ನೋಡುವ ಚಟ.
ರೆಕ್ಕೆಯಿಂದ ಹೊಡೆಯಿತು. ಬೆರಳು ಸಡಿಲಿತು.
ಫರಸಿಯ ಮೇಲೆ ತತ್ತಿ,
ಒಳಗಿನ ಕೆಂಪು ಎಳೆಗಳ ಸಮೇತ.

ಅಪ್ಪ ಉದಗೀರಿಗೆ ಹೋಗಿದ್ದ. ಸಂಜೆವರೆಗೆ ಹೊತ್ತಿತ್ತು.
ಕೋಟೆಗೆ ಓಡಿದೆ.
ಕೆಂಗಲ್ಲಿನ ಗೋಡೆಯ ಬಿರುಕಿನಲ್ಲಿ
ಯಾರ ಹೆಸರಿಗೂ ಇಲ್ಲದ ಪಾರಿವಾಳ ಕೂತಿತ್ತು.
ಅದರ ಎರಡರಲ್ಲಿ ಒಂದನ್ನು
ಕಂಕುಳಲ್ಲಿ ಇಟ್ಟುಕೊಂಡು
ತೋಳು ಮುರಿದವಳ ಹಾಗೆ ನಡೆದು ಬಂದೆ.
ಹಾದಿಯಲ್ಲಿ ಕೇಳಿದವರಿಗೆ ಚೇಳು ಕಡಿದಿದೆ ಅಂದೆ.

ಒಡೆದು ಬಂದದ್ದು ಹೆಣ್ಣು.
ಅಪ್ಪ ಗಡಿಯಾರದ ಮಸೂರವನ್ನು ಕಣ್ಣಿಗೆ ಸಿಕ್ಕಿಸಿ
ಅದರ ಕಣ್ಣೊಳಗೆ ಬಹಳ ಹೊತ್ತು ನೋಡಿದ.
“ಖರೇನೇ ಗಫೂರ್‌ಸಾಬರ ರಾಣಿ ಕಣ್ಣು.
ರಕ್ತ ಸುಳ್ಳು ಹೇಳಂಗಿಲ್ಲ.”
ಮಾಣಿಕ ಅಂತ ಹೆಸರಿಟ್ಟ.

ಮೂರನೇ ವರ್ಷ ನಾಗಪುರದಲ್ಲಿ ಬಿಟ್ಟ ನಲವತ್ತೊಂದರಲ್ಲಿ
ಹೊತ್ತು ಮುಳುಗುವ ಮೊದಲು ಬೀದರ ಸೇರಿದ್ದು ಅದೊಂದೇ.
ಓಣಿಗೆಲ್ಲ ಜಿಲೇಬಿ. ನನಗೆ ಎರಡು.
ನುಂಗಲಿಕ್ಕೆ ಆಗಲಿಲ್ಲ.
ಅಲ್ಲಿಂದ ಮುಂದೆ ವಹಿಯಲ್ಲಿ
ಪ್ರತಿ ಹೆಸರೂ ಮಾಣಿಕದ್ದೇ ಕೊಂಬೆ.

ಆಮೇಲೆ ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಇಪ್ಪತ್ತೆರಡು ವರ್ಷ.
ಚೀಲ ಎತ್ತಿ ಬೆಳಕಿಗೆ ಹಿಡಿದಾಗೆಲ್ಲ ಅದೇ ಫರಸಿ.
ಇಲ್ಲಿ ಗುಂಪು ಕೂಡಿದರೆ ಸಾಕು,
ಯಾರೂ ಯಾರ ಅಜ್ಜಿಯನ್ನೂ ಕೇಳುವುದಿಲ್ಲ.
ಅಪ್ಪನಿಗೆ ಹೇಳಿಬಿಡಬೇಕೆಂದು ನಾಲ್ಕು ಸಲ ಮಾಳಿಗೆ ಹತ್ತಿದೆ.
ನಾಲ್ಕು ಸಲವೂ ಅವನು ಆಕಾಶ ನೋಡುತ್ತಿದ್ದ.
ಐದನೇ ಸಲಕ್ಕೆ
ಹಕ್ಕಿಗಳಷ್ಟೇ ಇದ್ದವು.

ಹೋದ ತಿಂಗಳು ರಕ್ತ ಕೊಡಲು ಬಂದವಳು ತಸ್ಕೀನ್,
ಗಫೂರ್‌ಸಾಬರ ಮೊಮ್ಮಗಳು.
ಮನೆಗೆ ಕರೆತಂದು ಚಹಾ ಕೊಟ್ಟು ಉರ್ದು ಹಾಳೆ ಓದಿಸಿದೆ.
ಮೊದಲ ಸಾಲು:
‘ಆಲಿಕಲ್ಲು ಬಿದ್ದ ರಾತ್ರಿ ಮಾಳಿಗೆಗೆ ಬಂದ ಹೆಣ್ಣು.
ಕಾಲಲ್ಲಿ ಉಂಗುರವಿಲ್ಲ. ಎಂಟು ದಿನ ಕಾದೆ.
ಯಾರೂ ಕೇಳಿಕೊಂಡು ಬರಲಿಲ್ಲ.
ರಾಣಿ ಅಂತ ಕರೆದೆ.’
ತಸ್ಕೀನ್ ನಕ್ಕಳು.
ಇನ್ನೊಮ್ಮೆ ಓದವ್ವ, ಅಂದೆ.

ಹೋದ ವಾರ ಹುಮನಾಬಾದಿನ ಹುಡುಗ ಬಂದ.
ವಹಿಯ ಹಾಳೆ ಹಾಳೆಗೂ ಫೋಟೊ ಹೊಡೆದುಕೊಂಡು
ಒಂದು ಜೋಡಿಗೆ ಹದಿನೆಂಟು ಸಾವಿರ ಎಣಿಸಿದ.
“ಶುದ್ಧ ರಕ್ತ ಹೌದಲ್ರೀ ಅಕ್ಕೋರೆ?”
“ಹಾದಿ ಗೊತ್ತದ,” ಅಂದೆ.

ಇವತ್ತಿಗೆ ಆರನೇ ದಿನ.
ನೀರಿನ ಟಾಕಿಯ ಮೇಲೆ ಹೆಣ್ಣು ಒಂದೇ ಬಂದು ಕೂತಿದೆ,
ಕಾಲಿಗೆ ಅವನು ಕಟ್ಟಿದ ಹಸಿರು ದಾರ.
ಫೋನು ಎರಡು ಸಲ ಹೊಡಕೊಂಡು ಸುಮ್ಮನಾಯಿತು.
ಮೊದಲು ಜೋಳ ಹಾಕುತ್ತೇನೆ.