ತಣ್ಣನೆಯ ಹೊಗೆ

ಗ್ರಿಮ್ಸ್‌ಬಿಯಲ್ಲಿ ಬೆಳಗಿನ ಜಾವ ಮೂರಕ್ಕೆ
ಎಚ್ಚರವಿರುವವರು ಎರಡೇ ಜಾತಿ:
ಮೀನು ಹರಾಜಿನವರು, ನಾವು ಲ್ಯಾಬಿನವರು.
ಅವರ ಕೈಗೆ ಐಸು, ನಮ್ಮ ಕೈಗೆ
ಯಾರದೋ ಮೈಬಿಸಿ ಆರದ ರಕ್ತದ ಕೊಳವೆ.

ಗಿರಗಿರ ತಿರುಗಿ ನಿಂತ ಮೇಲೆ
ಕೆಂಪು ತಳಕ್ಕೆ, ಮೇಲೆ ಹಳದಿ ತಿಳಿ.
ಅದರೊಳಗೆ ಕಣ್ಣಿಗೆ ಕಾಣದ
ಐದೆಸಳಿನದೊಂದು ಹೂವು:
ಸಿ-ರಿಯಾಕ್ಟಿವ್ ಪ್ರೋಟೀನ್.
ನಾಲಿಗೆ ಹೊರಳದಿದ್ದರೆ ಬಿಡಿ,
ನಾನದನ್ನು ಗಸ್ತಿನವ ಅನ್ನುತ್ತೇನೆ.

ಎಲ್ಲೋ ಕೇಡು ಹೊಕ್ಕಿತೆಂದು
ಯಕೃತ್ತಿಗೆ ಸುದ್ದಿ ಮುಟ್ಟಿದರೆ ಸಾಕು,
ಒಬ್ಬನಿದ್ದವನು ಸಾವಿರವಾಗುತ್ತಾನೆ.
ಕ್ರಿಮಿಯ ಬೆನ್ನಿಗೆ, ಸತ್ತ ಜೀವಕೋಶದ ಹರಿದ ಅಂಗಿಗೆ
ಅಂಟಿಕೊಂಡು ಕೂಗುತ್ತಾನೆ: ಇಲ್ಲಿದೆ, ಬನ್ನಿ.
ತಿಂದು ತೀರಿಸುವ ಕೆಲಸ ಬೇರೆಯವರದು.

ಜನವರಿಯಲ್ಲಿ ಒಂದು ಕೊಳವೆಯ ಮೇಲೆ
ಪಕ್ಕದ ಮನೆಯ ಹೆಸರಿತ್ತು: ಮಾಲ್ಟ್‌ಬಿ, ಕ್ಲಿಫರ್ಡ್.
ನ್ಯುಮೋನಿಯ. ಇನ್ನೂರ ಹನ್ನೆರಡು.
ಯಾರಿಗೂ ಹೇಳುವಂತಿಲ್ಲ ನಾನು.
ಅವನ ಬೆಕ್ಕಿಗೆ ಹಾಲಿಟ್ಟೆ, ಅಷ್ಟೆ.
ಹತ್ತೊಂಬತ್ತು ಗಂಟೆಗೆ ಅರ್ಧ, ಮತ್ತೆ ಅರ್ಧ,
ಸಂತೆ ಚದುರಿದಂತೆ ಇಳಿಯಿತು ಅಂಕಿ.
ನೂರು. ನಲವತ್ತು. ಒಂಬತ್ತು.

ನಾಲ್ಕಕ್ಕೆ ಬಂದು ನಿಂತುಬಿಟ್ಟಿತು.
ಮಾರ್ಚಿನಲ್ಲಿ ನಾಲ್ಕು, ಮೇನಲ್ಲೂ ನಾಲ್ಕು.
ಜ್ವರವಿಲ್ಲ, ಗಾಯವಿಲ್ಲ, ಕಳ್ಳನಿಲ್ಲ;
ಗಸ್ತಿನವ ಮಾತ್ರ ಮನೆಗೆ ಹೋಗಿಲ್ಲ.

ಕೊನೆಗೊಂದು ಭಾನುವಾರ
ಬೇಲಿಯಾಚೆಯಿಂದ ಅವನೇ ಹೇಳಿದ:
'ಹೃದಯದ ನಾಳದೊಳಗೆ ಏನೋ ಉರಿಯೂತವಂತೆ.
ರಕ್ತದಲ್ಲಿ ಸಿಕ್ಕಿದ್ದು ಬರೀ ಹೊಗೆಯಂತೆ,
ಬೆಂಕಿ ಅದಲ್ಲವಂತೆ. ಡಾಕ್ಟರಮ್ಮ ಅಂದಳು.'
ಬೂದಿ ಮುಚ್ಚಿದ ಕೆಂಡ ಅನ್ನುತ್ತೇವೆ ನಾವು
ಎಂದು ಅವನ ಭಾಷೆಯಲ್ಲಿ ಹೇಳಹೋದೆ.
ಬೂದಿಯಷ್ಟೇ ಬಂತು ಬಾಯಿಗೆ.

ಕ್ಲಿಫರ್ಡ್ ನಕ್ಕ. ನಲವತ್ತೊಂದು ವರ್ಷ
ಹೊಗೆಮನೆಯಲ್ಲಿ ಹ್ಯಾಡಕ್ ಮೀನು ತೂಗುಹಾಕಿದವನು.
'ಹೊಗೆಯ ವಿಷಯ ನನಗೆ ಹೇಳಬೇಡಮ್ಮ.
ಮರದ ಹೊಟ್ಟು ಇರುಳಿಡೀ ಕನಲುತ್ತಿರಬೇಕು.
ಉರಿ ಎದ್ದರೆ ಮೀನು ಬೆಂದು ಉದುರಿತು,
ನಮ್ಮ ಕೂಲಿಯೂ ಹೋಯಿತು.
ಉರಿಯನ್ನು ನಾನು ನೋಡಿದ್ದೇ ಮೂರೋ ನಾಲ್ಕೋ ಸಲ.
ಆದರೆ ಗೋಡೆ ನೋಡಬೇಕಿತ್ತು ನೀನು,
ಬೆರಳು ದಪ್ಪ ಟಾರು.'

ನಾನು ಸುಮ್ಮನಾದೆ.
ಹೊಗೆಯೇ ಗೋಡೆ ಕೆಡಿಸಿತೆ,
ಕೆಟ್ಟ ಗೋಡೆಯ ಚಾಡಿಯನ್ನಷ್ಟೇ ಹೇಳಿತೆ?
ತಿಳಿದವರ ವಾದ ಇನ್ನೂ ಮುಗಿದಿಲ್ಲ.
ಹೊಗೆಯನ್ನು ಹಿಡಿದು ಕೂಡಿಹಾಕಿದರೆ
ಒಲೆ ಆರುವುದಿಲ್ಲ, ಅಷ್ಟು ನನಗೂ ಗೊತ್ತು.

ಕಾಗದದಲ್ಲಿ ಸುತ್ತಿ ಎರಡು ಮೀನು ಕೊಟ್ಟ.
ಹುಣಸೆಹುಳಿ, ಬೆಳ್ಳುಳ್ಳಿ ಹಾಕಿ ಮಾಡಿದೆ.
ಮೂರು ದಿನ ತಲೆಗೂದಲಲ್ಲೇ ಇತ್ತು ವಾಸನೆ.

ಈಗ ಮತ್ತೆ ಬೆಳಗಿನ ಜಾವ ಮೂರು.
ಮತ್ತೆ ಅದೇ ಹೆಸರಿನ ಕೊಳವೆ. ಒಳಗಿಟ್ಟಿದ್ದೇನೆ.
ಹತ್ತು ನಿಮಿಷ ಬೇಕು ಯಂತ್ರಕ್ಕೆ.
ಕಿಟಕಿಯಾಚೆ ಹರಾಜಿನ ಲಾರಿ ಹಿಂದಕ್ಕೆ ಬರುತ್ತಿದೆ,
ಬೀಪ್, ಬೀಪ್ ಅನ್ನುತ್ತ, ನಿಧಾನಕ್ಕೆ,
ಹಿಂದೆ ಯಾರಾದರೂ ಇದ್ದಾರೇನೋ ಎಂದು.