ಕಂಡ

ಶುಕ್ರವಾರ ಮಧ್ಯಾಹ್ನ, ಮೀನಾ ಅಬ್ದುಲ್ಲಾದ ಲೇಬರ್ ಕ್ಯಾಂಪು.
ಊಟದ ಹಾಲಿನ ಗೋಡೆಗೆ ಮೊಳೆ ಹೊಡೆದು
ಚಾರ್ಟು ತೂಗುಹಾಕಿದ್ದೇನೆ.
ಓದಲು ಬಾರದವರಿಗೆಂದೇ ಮಾಡಿದ್ದು:
ಮೂರು ಹಲ್ಲಿನ ಬಾಚಣಿಗೆಗಳು, ಸಾಲಿನಿಂದ ಸಾಲಿಗೆ ಸಣ್ಣಗಾಗುತ್ತ.
ಹಲ್ಲು ಎತ್ತ ತಿರುಗಿದೆ, ಕೈಯಲ್ಲಿ ತೋರಿಸಿದರೆ ಸಾಕು.
ಹಿಂದಿ, ಬಂಗಾಳಿ, ನೇಪಾಳಿ ಯಾವುದೂ ಬೇಡ;
ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ.

ಮೇಜಿನ ಮೇಲೆ ಟಾರ್ಚು, ಹನಿ ಔಷಧಿ, ಹತ್ತಿ,
ಯಾರೋ ತಂದಿಟ್ಟ ಸುಲೈಮಾನಿ,
ಅದರ ಮೇಲೆ ಆಗಲೇ ಧೂಳಿನ ಕೆನೆ.
ಮೂರು ದಿನದಿಂದ ತೋಝ್.
ಈ ಗಾಳಿಗೆ ಇಲ್ಲಿ ಹಾಗನ್ನುತ್ತಾರೆ, ಸೀನಿದ ಹಾಗೆ.

ಒಬ್ಬೊಬ್ಬರೇ ಬಂದು ಕೂರುತ್ತಾರೆ, ಗದ್ದ ಎತ್ತುತ್ತಾರೆ.
ರೆಪ್ಪೆ ಬಿಡಿಸಿದರೆ ಅದೇ, ಮತ್ತೆ ಅದೇ:
ಮೂಗಿನ ಮೂಲೆಯಿಂದ ಹೊರಟು
ಕರಿಗುಡ್ಡೆಯ ಕಡೆ ತೆವಳುವ ಮಾಂಸ,
ನೊಣದ ರೆಕ್ಕೆಯಷ್ಟು, ಒಳಗೆ ಕೆಂಪು ನರ.
ಬಂದು ನಾಲ್ಕು ವರ್ಷ ಎಂದವನಿಗೆ ಅಂಚಿನವರೆಗೆ.
ಹನ್ನೊಂದು ಎಂದವನಿಗೆ ಪಾಪೆಯ ಹೊಸ್ತಿಲವರೆಗೆ.
ಪಾಸ್‌ಪೋರ್ಟು ನೋಡದೆಯೂ ಹೇಳಬಹುದು, ಬಂದ ಇಸವಿ.

ಡಾಕ್ಟರ್ ಹನಾನ್ ಇದನ್ನು ಅರಬಿಯಲ್ಲಿ ಉಗುರು ಅನ್ನುತ್ತಾರೆ.
ವ್ಯಾನು ತಂದ ಕುಂಞಾಲಿ, ದಶ ಅನ್ನುತ್ತಾನೆ.
ಅವನ ಮಲಯಾಳದಲ್ಲಿ ಅದು ಬರೀ ಮಾಂಸ,
ನನ್ನ ಕಿವಿಗೆ ಮಾತ್ರ ಶನಿದಶೆ.
ನಾನು ಶಿರ್ವದವಳು; ನಮ್ಮಲ್ಲಿ ದುರ್ಮಾಂಸ,
ಏನೋ ಕೆಟ್ಟದ್ದು ಮಾಡಿದವನಿಗೇ ಬರುವ ಹಾಗೆ.

ಇಪ್ಪತ್ತೇಳನೆಯವನು ಓಬುಳೇಸು, ಕಡಪದ ಕಡೆಯವನು,
ಕ್ರೇನ್ ನಡೆಸುತ್ತಾನೆ.
ಎಡಗಣ್ಣು ಮುಚ್ಚಿ ಕೂತು ಸರಸರ ತೋರಿಸಿದ,
ಕೊನೆಯ ಸಾಲಿನವರೆಗೆ, ಒಂದೂ ತಪ್ಪದೆ.
ಆ ಬಲಗಣ್ಣಿನ ಪಾಪೆಗೆ ಪರದೆ ಎಳೆದಿತ್ತು.

ಎದ್ದು ಹೋಗಿ ಚಾರ್ಟಿನ ಹಿಂಬದಿ ತಿರುಗಿಸಿದೆ,
ಅಲ್ಲಿ ಕ್ರಮ ಬೇರೆ.
ಮೊದಲಿನ ದೊಡ್ಡದೊಂದು ಸರಿ.
ಆಮೇಲೆ ಅವನ ಕೈ ಹಳೆಯ ಪಾಠವನ್ನೇ ಒಪ್ಪಿಸಿತು:
ಬಲ, ಕೆಳಗೆ, ಎಡ, ಮೇಲೆ, ಮೇಲೆ.
ಬೆಳಗಿನಿಂದ ಸಾಲಿನಲ್ಲಿ ನಿಂತು
ಮುಂದಿನ ಇಪ್ಪತ್ತಾರು ಮಂದಿಯ ಕೈ ನೋಡಿ ಕಲಿತದ್ದು,
ಎಡಗಣ್ಣಿನಲ್ಲಿ.

ಯಾರೂ ನಗಲಿಲ್ಲ.
"ಕಂಡ, ಮೇಡಂ" ಅಂದ, ಮೆಲ್ಲಗೆ.
ತೆಲುಗಿನಲ್ಲಿ ಕಂಡ ಎಂದರೆ ಮಾಂಸ;
ಕಂಡ ಬೆಳೆದಿದೆ, ಬೇರೇನಿಲ್ಲ, ಬರೆಯಬೇಡಿ.
ನನಗೆ ಕೇಳಿಸಿದ್ದು ನಮ್ಮ ಕಂಡ.
ಅವನು ಕಂಡ. ಭೂತಕಾಲ, ಪುಲ್ಲಿಂಗ, ಏಕವಚನ.

ಏನು ಕಂಡ?
ನಲವತ್ತು ಮೀಟರ್ ಮೇಲಿನ ಗಾಜಿನ ಗೂಡಿನಿಂದ
ಸುಣ್ಣದಂಥ ಸಮುದ್ರ, ಎಣ್ಣೆಯ ಟ್ಯಾಂಕುಗಳ ಬಿಳಿ ನೆತ್ತಿ,
ಕೆಳಗೆ ಕೈ ಬೀಸುವ ಮನುಷ್ಯ.
ಈಚೆಗೆ ಕೈ ಮಾತ್ರ.
ಈಚೀಚೆಗೆ ಅದೂ ಅಂದಾಜು.

ಆ ಕೈ ಬೀಸುವವನು ಅವನ ಬೆನ್ನಿಗೇ ನಿಂತಿದ್ದ,
ಇಪ್ಪತ್ತೆಂಟನೆಯವನು, ನೇಪಾಳದ ಖೇಮರಾಜ,
ನೆಲ ನೋಡುತ್ತ.

ಬರೆದೆ.
ಪೆನ್ನು ಒಂದು ಸಲ ನಿಂತಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಡಾಕ್ಟರ್ ಹೇಳಿದ್ದನ್ನು ನನ್ನ ಮುರುಕು ತೆಲುಗಿಗೆ ತಂದೆ:
ಬೆಳೆದದ್ದನ್ನು ಕೆರೆದು ತೆಗೆಯುತ್ತಾರೆ.
ಮೇಲಿನ ರೆಪ್ಪೆಯ ನೆರಳಲ್ಲಿ ಬಿಸಿಲೇ ಬೀಳದ ಜಾಗವಿದೆ,
ಅಲ್ಲಿಂದ ಅಕ್ಕಿಕಾಳಷ್ಟು ಪೊರೆ ಕತ್ತರಿಸಿ
ಬೋಳಾದಲ್ಲಿ ಹೊಲಿಯುತ್ತಾರೆ.
ಕಪ್ಪು ಕನ್ನಡಕ ಹಾಕದಿದ್ದರೆ ಮತ್ತೆ ಬರುತ್ತದೆ.
ಕನ್ನಡಕಕ್ಕೆ ನಾಲ್ಕು ದಿನಾರ್, ಅದನ್ನು ಯಾರು ಕೊಡುತ್ತಾರೆಂದು
ಡಾಕ್ಟರ್ ಹೇಳಲಿಲ್ಲ, ನಾನೂ ತರಲಿಲ್ಲ.

ಅವನು ತನ್ನ ರೆಪ್ಪೆಯನ್ನು ಬೆರಳಿನಿಂದ ಮುಟ್ಟಿಕೊಂಡ.
"ಅದೊಂದು ತುಂಡು ಕುವೈತಿಗೆ ಬಂದೇ ಇಲ್ಲ ಅನ್ನಿ" ಅಂದ,
ಎದ್ದು, ಚಪ್ಪಲಿ ಹುಡುಕಿ, ಹೋದ.

ಖೇಮರಾಜ ಬಂದು ಕೂತ.
ಒಂದು ಕಣ್ಣು ಮುಚ್ಚಿದ.
ಚಾರ್ಟಿನ ಕಡೆ ತಿರುಗುವ ಮೊದಲೇ ಕೇಳಿದ:
ಯಾವ ಬದಿ, ಮೊದಲಿನದಾ, ಎರಡನೆಯದಾ?