ನೆಟ್ಟಗೆ ತೊಟ್ಟ ಕೋಟು

ಬಿಸ್ಕತ್ತಿನ ಡಬ್ಬಿಯಲ್ಲಿ, ಗುಂಡಿಗಳ ಅಡಿಯಲ್ಲಿ ಸಿಕ್ಕಿತು.
ಅಂಗೈಯಷ್ಟಗಲ. ಒಂದು ಮೂಲೆ ಇಲಿ ತಿಂದಿದೆ.
ಒಲೆಯ ಮುಂದೆ ಸಾಲಾಗಿ ನಾಲ್ಕು ಜನ,
ಒಬ್ಬರಿಗೂ ಮುಖವಿಲ್ಲ.

ಸೇಂಟ್ ಜಾನ್ಸಿನ ಇಳಿಜಾರು ಬೀದಿಯಲ್ಲಿ
ನನ್ನದೊಂದು ಡ್ರೈಕ್ಲೀನಿಂಗ್ ಅಂಗಡಿ.
ಮೂವತ್ತು ವರ್ಷ ಪರರ ಬಟ್ಟೆ ಓದಿದವಳು:
ಕಾಲರಿನ ಕೊಳೆಯಿಂದ ಕೆಲಸ, ಜೇಬಿನ ಜೋಲಿನಿಂದ ಚಟ,
ಕಂಕುಳ ಹೊಲಿಗೆಯಿಂದ ಕೋಪ.
ಭೂತಗನ್ನಡಿ ಹಿಡಿದು ಕೂತೆ.

ಮೊದಲನೆಯದು ಮದುವಣಗಿತ್ತಿ ಎಂದೆ:
ಬಿಳಿ ಗೌನು, ಮೋರೆಯ ಮೇಲೆ ಲೇಸು.
ಗೌನಿನ ಕೆಳಗೆ ಮಾತ್ರ ಬೆಸ್ತರ ರಬ್ಬರು ಬೂಟು,
ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ.
ಎರಡನೆಯವರಿಗೆ ಗೂನು.
ಮೂರನೆಯವರು ಲಂಗದ ಮೇಲೆ ಒಳಲಂಗ ಉಟ್ಟಿದ್ದಾರೆ.
ಬಡತನ, ಎಂದು ಬರೆದುಕೊಂಡೆ.
ಆಮೇಲೆ: ರೋಗ? ಆಮೇಲೆ: ನಾಟಕ?

ಡ್ರೂಸಿಲ್ಲ ದೊಡ್ಡಮ್ಮನಿಗೆ ತೊಂಬತ್ತೆರಡು.
ಹಲ್ಲಿನ ಸೆಟ್ಟು ಜಾರುವಷ್ಟು ನಕ್ಕಳು.
"ನಿನ್ನ ಓದಿಗಿಷ್ಟು ಬೆಂಕಿ ಹಾಕ!
ಕ್ರಿಸ್‌ಮಸ್ಸಿನ ಹನ್ನೆರಡು ರಾತ್ರಿ ನಮ್ಮ ಕೊಲ್ಲಿಯಲ್ಲಿ ವೇಷ ಬರ್ತಿತ್ತು ಕಣೇ.
ಗಂಡು ಹೆಣ್ಣಾಗಿ, ಹೆಣ್ಣು ಗಂಡಾಗಿ,
ಕೋಟಿನ ಒಳಗು ಹೊರಗಾಗಿ,
ದಿಂಬು ಬೆನ್ನಾಗಿ, ಕಿಟಕಿಯ ಪರದೆ ಮೋರೆಯಾಗಿ.
ಇಂಥವರೇ ಅಂತ ಹೇಳಿಬಿಟ್ಟರೆ ಮುಸುಕು ತೆಗೀಬೇಕು.
ಆಮೇಲೆ ರಮ್ಮು, ಕೇಕು, ಕುಣಿತ.
ಹೇಳೋ ತನಕ ಯಾರೂ ಯಾರೂ ಅಲ್ಲ."

ಮದುವಣಗಿತ್ತಿ ಲಿಯಾಂಡರ್, ಮೀನು ಸೀಳುವವನು.
ಗೂನುಬೆನ್ನು ಅಂಚೆಮನೆಯ ಟ್ರೈಫೀನಾ.
ಒಳಲಂಗದವನು ಚರ್ಚಿನವನು, ಹೆಸರು ಬೇಡ, ಮೊಮ್ಮಕ್ಕಳಿದ್ದಾರೆ.
ನಾಲ್ಕನೆಯವರ ಹತ್ತಿರ ಬೆರಳು ಬಂತು,
ನಿಂತಿತು.

ನಾನೂ ಅಲ್ಲೇ ಎಡವಿದ್ದೆ.
ಗಂಡಸಿನ ಕಪ್ಪು ಕೋಟು. ತೋಳು ಎರಡು ಮಡಿಕೆ ಮೇಲಕ್ಕೆ.
ಹೆಗಲ ಹೊಲಿಗೆ ಹೆಗಲಿನಿಂದ ನಾಲ್ಕು ಬೆರಳು ಕೆಳಗೆ.
ಉಳಿದವರದೆಲ್ಲ ತಿರುವುಮುರುವು, ಇದೊಂದೇ ನೆಟ್ಟಗೆ.
ಬ್ರಷ್ಷಿನಲ್ಲಿ ಉಜ್ಜಿದ್ದು. ಕೊರಳವರೆಗೆ ಗುಂಡಿ.

"ಎರಡನೇ ಗುಂಡಿ ನೋಡು, ಬಲೆಯ ದಾರ.
ಹೊಲಿದವಳು ನಾನು. ಒಂಬತ್ತು ವರ್ಷ ನನಗೆ."

ಆ ಮಾರ್ಚಿನಲ್ಲಿ ಸೀಲ್ ಬೇಟೆಗೆ ಹೋದ ಅಜ್ಜ
ಕಡಲ ಹಿಮದ ಮೇಲೇ ಉಳಿದುಬಿಟ್ಟ.
ಭಾನುವಾರದ ಕೋಟು ಮೊಳೆಯ ಮೇಲೆ ಉಳಿಯಿತು.
ಸಾವಿನ ಮನೆಗೆ ಆ ವರ್ಷ ವೇಷ ಬರುವುದಿಲ್ಲ,
ಸಾವಿನ ಮನೆಯಿಂದ ವೇಷ ಹೊರಡುವುದೂ ಇಲ್ಲ.
ಮಕ್ಕಳನ್ನು ಕೆಜಾಯಳ ಅಡುಗೆಮನೆಗೆ ಕಳಿಸಿ
ಅಜ್ಜಿ ದೀಪ ಆರಿಸಿದ್ದಳಂತೆ.

ಕೋಟು ಒಳಗೆ ಬಂದಾಗ ಅಕಾರ್ಡಿಯನ್ ನಿಂತಿತು.
ಊರಿಗೆಲ್ಲ ಗೊತ್ತಿದ್ದ ಕೋಟು.
ಊರಿಗೆ ಹೊಸಬಳಾದ ನರ್ಸಮ್ಮ ಮಾತ್ರ, ಪಾಪ,
ಕ್ಯಾಮೆರಾ ಎತ್ತಿ, ನಗಿ ಎಲ್ಲಾರೂ, ಅಂದಳು.

"ಅಪ್ಪ ಅನ್ನಬಹುದಿತ್ತು. ಅಮ್ಮ ಅನ್ನಬಹುದಿತ್ತು.
ಎರಡೂ ಸರಿಯೇ.
ಯಾವುದಂದರೂ ಆ ಮುಸುಕು ತೆಗೀಬೇಕಿತ್ತಲ್ಲ.
ಕೇಕು ಬಾಯಿಗೆ ತುರುಕಿಕೊಂಡೆ."

ಚಿತ್ರದ ಬಲ ಅಂಚಿನಲ್ಲೊಂದು ಮಬ್ಬು ಗೆರೆ.
ಬೆಳಕು ನುಗ್ಗಿ ಕೆಟ್ಟಿದ್ದು ಎಂದುಕೊಂಡಿದ್ದೆ.
ಅದು ಜಡೆ.

ದನಿ ಗುರುತಾಗಬಾರದೆಂದು ವೇಷದವರು
ಉಸಿರು ಒಳಗೆಳೆಯುತ್ತ ಮಾತಾಡುತ್ತಾರಂತೆ.
ಕೋಟು ಏನಂದಿತು?
ತೋರಿಸಹೋಗಿ ದೊಡ್ಡಮ್ಮ ಕೆಮ್ಮಿದಳು. ನೀರು ಕುಡಿದಳು.
ಮತ್ತೆ ಬಾಯಿ ತೆರೆದು, ಕೋಣೆಯ ಗಾಳಿಯನ್ನೆಲ್ಲ ಎದೆಗೆಳೆದು,
ಅವಳದಲ್ಲದ ದನಿಯಲ್ಲಿ:
"ಒಳಗೆ ಬಿಡ್ತೀರಾ?"

ರಾತ್ರಿ ಅಂಗಡಿಯ ಷಟರು ಎಳೆದ ಮೇಲೆ,
ಪ್ಲಾಸ್ಟಿಕ್ ಮುಸುಕಿನಲ್ಲಿ ತೂಗುವ ಊರವರ ಕೋಟುಗಳ ನಡುವೆ
ನಾನೂ ಹಾಗೆ ಅಂದು ನೋಡಿದೆ.
ಮಾತು ಆಗಲಿಲ್ಲ.
ಬಟ್ಟೆ ತೊಳೆಯುವ ಎಣ್ಣೆಯ ವಾಸನೆ
ಗಂಟಲಲ್ಲಿ ಕೂತಿತು, ಬೆಳಗಿನ ತನಕ.